ಗಟ್ಟಿ ಆಯಿಲ್ ಕೊಡದ ಜಯಮಾಲಾ

ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಹಳೇ ಬಂಪರು, ಬಾಗಿಲು, ಹೆಡ್‌ಲೈಟುಗಳನ್ನು ಗುಡ್ಡೆ ಹಾಕಿಕೊಂಡು ಕೂತ ಅಂಗಡಿಗಳ ನಡುವೆ, ಎಂಜಿನ್ ಆಯಿಲ್ ಬಿಟ್ಟು ಬೇರೇನನ್ನೂ ಮಾರದ ಒಂದು ಅಂಗಡಿ ಇದೆ. ಹತ್ತಡಿ ಅಗಲ, ಹದಿನೈದಡಿ ಉದ್ದ, ಮೂರು ಗೋಡೆಗೂ ಸೂರಿನವರೆಗೆ ಡಬ್ಬಗಳು. ಹನ್ನೊಂದು ವರ್ಷದಿಂದ ಅದರ ಕೌಂಟರಿನ ಹಿಂದೆ ನಿಂತಿರುವ ಜಯಮಾಲಾಗೆ ಕಾರಿಟ್ಟುಕೊಂಡ ಗಂಡಸರ ಬಗ್ಗೆ ಒಳ್ಳೆಯ ಅಭಿಪ್ರಾಯವಿಲ್ಲ.

ತಪ್ಪು ಅವಳದಲ್ಲ. ಬರುವವನು ಮೊದಲು ಅವಳ ಭುಜದ ಮೇಲಿಂದ ಅಂಗಡಿಯ ಒಳಗೆ ಇಣುಕುತ್ತಾನೆ. "ಯಾರೂ ಇಲ್ವಾ?" ಅನ್ನುತ್ತಾನೆ.

"ನಾ ಅದೀನಲ್ರಿ."

"ಅಲ್ಲ, ಆಯಿಲ್ ಬೇಕಾಗಿತ್ತು."

"ಆಯಿಲ್ ಅಂಗಡಿಗೇ ಬಂದೀರಿ. ಯಾವ ಗಾಡಿಗ್ರಿ?"

ಇಲ್ಲಿಂದ ಮುಂದಿನದು ಅವಳಿಗೆ ಬಾಯಿಪಾಠ. ಒಬ್ಬ ಗಾಡಿಯ ಹೆಸರು ಹೇಳುವುದಿಲ್ಲ, ಬಣ್ಣ ಹೇಳುತ್ತಾನೆ. ಇನ್ನೊಬ್ಬ ಕಳೆದ ಸಲ ಹಾಕಿಸಿದ ಡಬ್ಬ ಕೆಂಪಗಿತ್ತು ಅನ್ನುತ್ತಾನೆ, ಗೋಡೆಯಲ್ಲಿ ಕೆಂಪು ಡಬ್ಬ ಹದಿನಾರು ಬಗೆ ಇವೆ. ಮತ್ತೊಬ್ಬ ಪೋಸ್ಟರಿನಲ್ಲಿ ನಗುತ್ತಿರುವ ನಟನ ಕಡೆ ಬೆರಳು ತೋರಿಸಿ ಅದೇ ಬೇಕು ಅನ್ನುತ್ತಾನೆ. ಕುತ್ತಿಗೆಗೆ ಆಫೀಸಿನ ಕಾರ್ಡು ನೇತುಹಾಕಿಕೊಂಡು ಬರುವ ಎಂಜಿನಿಯರು ಫೋನಿನಲ್ಲಿ ಯಾರದೋ ವಿಡಿಯೋ ತೋರಿಸುತ್ತಾನೆ. ಅದರಲ್ಲಿ ರೇಸಿಗೆ ಹೋಗುವ ಗಾಡಿಗೆ ಹಾಕುವ ಆಯಿಲು ಇರುತ್ತದೆ. ಅವನ ಗಾಡಿ ಇಂದಿರಾನಗರದಿಂದ ಪಕ್ಕದ ದೊಮ್ಮಲೂರಿಗೆ ಹೋಗುವುದಕ್ಕೇ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ.

"ಗಾಡಿ ಜೋಡಿ ಒಂದು ಪುಸ್ತಕ ಕೊಟ್ಟಿರ್ತಾರಲ್ರಿ, ಅದರಾಗ ನೋಡೀರೇನು?" ಎಂದು ಜಯಮಾಲಾ ಎಲ್ಲರನ್ನೂ ಕೇಳುತ್ತಾಳೆ. ಪುಸ್ತಕ ಇದೆ ಅನ್ನುವುದು ಹತ್ತರಲ್ಲಿ ಆರು ಜನಕ್ಕೆ ಗೊತ್ತಿರುವುದಿಲ್ಲ. ಗೊತ್ತಿರುವ ನಾಲ್ವರು ಡ್ಯಾಶ್‌ಬೋರ್ಡಿನ ಗೂಡಿನಿಂದ ತಂದುಕೊಡುವಾಗ ಅದರ ಪ್ಲಾಸ್ಟಿಕ್ ಕವರನ್ನೇ ಬಿಚ್ಚಿರುವುದಿಲ್ಲ. ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾದ ಜಯಮಾಲಾ ಆ ಕವರನ್ನು ಹಲ್ಲಿನಿಂದ ಹರಿದು, ಪುಟ ಹುಡುಕಿ, ಉಗುರಿಟ್ಟು ತೋರಿಸುತ್ತಾಳೆ. ಅಷ್ಟಾದ ಮೇಲೂ ಅವನು, "ನಮ್ ಮೆಕ್ಯಾನಿಕ್‌ನ ಒಂದ್ ಮಾತು ಕೇಳ್ತೀನಿ," ಅನ್ನುತ್ತಾನೆ.

ಅವಳು ಈ ಗಲ್ಲಿಗೆ ಮೊದಲ ಸಲ ಬಂದದ್ದು ಜಗಳವಾಡಲು. ಚಿತ್ತಾಪುರದ ಕಡೆಯ ಹಳ್ಳಿಯಿಂದ ಗಂಡ ಭೀಮಾಶಂಕರನ ಜೊತೆ ಬಂದು ಬಾಣಸವಾಡಿಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದು ಎರಡು ವರ್ಷವಾಗಿತ್ತು. ಭೀಮಾಶಂಕರ ಬೇರೆಯವರ ಟ್ಯಾಕ್ಸಿ ಓಡಿಸುತ್ತಿದ್ದ. ಗಾಡಿಯನ್ನು ಮಗುವಿನಂತೆ ನೋಡಿಕೊಳ್ಳುವವನು ಅವನು. ತಾನೇ ಶಿವಾಜಿನಗರಕ್ಕೆ ಹೋಗಿ ಒಳ್ಳೆಯ ಕಂಪನಿಯ ಆಯಿಲ್ ತಂದು ಹಾಕಿಸಿದ. ಹದಿನೆಂಟನೇ ದಿನ ಕೆ.ಆರ್. ಪುರದಿಂದ ಬರುವಾಗ ಟಿನ್ ಫ್ಯಾಕ್ಟರಿ ಹತ್ತಿರ ಎಂಜಿನ್ ಕಟಕಟ ಅಂದು, ರಸ್ತೆಯ ನಡುವೆಯೇ ಹಿಡಿದುಕೊಂಡುಬಿಟ್ಟಿತು. ಬಿಚ್ಚಿದರೆ ಒಳಗೆ ಡಾಂಬರಿನಂಥ ಕಪ್ಪು ಕೆಸರು. ಟ್ಯಾಕ್ಸಿಯ ಮಾಲೀಕ ಒಂದು ಮಾತನ್ನೂ ಕೇಳದೆ ಕೀ ಕಿತ್ತುಕೊಂಡ. ಭೀಮಾಶಂಕರ ಮೂರು ದಿನ ರೂಮಿನಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ.

ನಾಲ್ಕನೇ ದಿನ ಜಯಮಾಲಾ ಮೂಲೆಯಲ್ಲಿದ್ದ ಖಾಲಿ ಡಬ್ಬವನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಆಯಿಲ್ ಕೊಟ್ಟ ಅಂಗಡಿಯವನು ಡಬ್ಬವನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. "ನಮ್ದಲ್ಲಮ್ಮ ಇದು, ಹೋಗಮ್ಮ," ಅಂದ. ಅವಳು ಹೋಗಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಡಬ್ಬವಿಟ್ಟುಕೊಂಡು ಕೂತು, ಬಂದ ಗಿರಾಕಿಗಳಿಗೆಲ್ಲ, "ಇವನ ಹತ್ರ ಆಯಿಲ್ ತಗೋಬ್ಯಾಡ್ರಿ, ನನ್ನ ಗಂಡನ ಹೊಟ್ಟಿ ಮ್ಯಾಲ ಹೊಡದಾನ," ಎಂದು ಕಲಬುರಗಿಯ ಕನ್ನಡದಲ್ಲಿ ಗಟ್ಟಿಯಾಗಿ ಹೇಳತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಆ ಅಂಗಡಿಯಲ್ಲಿ ಒಂದು ಡಬ್ಬವೂ ಮಾರಾಟವಾಗಿರಲಿಲ್ಲ.

ಮೂರು ಅಂಗಡಿಯಾಚೆ ಕುರ್ಚಿ ಹಾಕಿಕೊಂಡು ಇದನ್ನೆಲ್ಲ ನೋಡುತ್ತಿದ್ದವಳು ಬದ್ರುನ್ನೀಸಾ. ಗಂಡ ತೀರಿಕೊಂಡು ಆರು ತಿಂಗಳಾಗಿತ್ತು. ಅವನ ಅಂಗಡಿ ನಡೆಸಲು ಮಂಡಿನೋವು ಬಿಡುತ್ತಿರಲಿಲ್ಲ. ಕೆಲಸಕ್ಕಿಟ್ಟ ಇಬ್ಬರೂ ಕೈಕೊಟ್ಟಿದ್ದರು. ಅವಳು ಜಯಮಾಲಾಳನ್ನು ಕರೆದು ನೀರು ಕೊಟ್ಟು, ಆ ಡಬ್ಬ ತೆಗೆದುಕೊಂಡು ಬೆಳಕಿಗೆ ಹಿಡಿದಳು.

"ಇಲ್ಲಿ ನೋಡು ಮಾ. ಮುಚ್ಚಳದ ಒಳಗಿನ ಬೆಳ್ಳಿ ಹಾಳೆ ಸುಕ್ಕಾಗಿದೆ. ಇಸ್ತ್ರಿಪೆಟ್ಟಿಗೆ ಇಟ್ಟು ಒತ್ತಿದಾರೆ. ತಳದಲ್ಲಿ ನಂಬರ್ ಕೆರೆದಿದಾರೆ. ಡಬ್ಬ ಕಂಪನಿದು, ಆಯಿಲ್ ಗುಜರಿದು. ಯಾವುದೋ ಗಾಡಿಯಿಂದ ಇಳಿಸಿದ್ದು, ಸೋಸಿ ತುಂಬಿದಾರೆ."

"ನಿಮಗ ಗೊತ್ತಿದ್ರ ಯಾಕ ಸುಮ್ಮನದೀರಿ?"

ಬದ್ರುನ್ನೀಸಾ ಡಬ್ಬವನ್ನು ಕೆಳಗಿಟ್ಟಳು. ನಾಳೆಯಿಂದ ಕೆಲಸಕ್ಕೆ ಬರುತ್ತೀಯಾ ಎಂದು ಕೇಳಿದಳು.

ಹೀಗೆ ಶುರುವಾದದ್ದು. ಮೊದಲ ವರ್ಷ ಡಬ್ಬಗಳ ಮೇಲಿನ ಸಣ್ಣ ಅಕ್ಷರಗಳನ್ನು ಓದಿದಳು. ಎರಡನೇ ವರ್ಷ ಗಾಡಿಗಳ ಪುಸ್ತಕಗಳನ್ನು ಓದಿದಳು. ಹಲಸೂರಿನಲ್ಲಿ ಗ್ಯಾರೇಜು ಇಟ್ಟಿರುವ ಬದ್ರುನ್ನೀಸಾಳ ಅಕ್ಕನ ಮಗ ಸಕ್ಲೇನ್, ಬಿಚ್ಚಿದ ಎಂಜಿನ್ನುಗಳನ್ನು ತೋರಿಸಿ ಆಯಿಲ್ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಹೇಳಿಕೊಟ್ಟ. ಕಲಿತಷ್ಟೂ ಅವಳಿಗೆ ಸಿಟ್ಟು ಹೆಚ್ಚಾಯಿತು. ಇಷ್ಟು ಸುಲಭದ ವಿಷಯ. ಗಾಡಿ ಮಾಡಿದವರೇ ಇಂಥದ್ದೇ ಹಾಕಿ ಎಂದು ಬರೆದಿಟ್ಟಿದ್ದಾರೆ. ಓದಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಯಾರಿಗೂ ಇಲ್ಲ, ವಾದ ಮಾಡಲು ಮಾತ್ರ ಎಲ್ಲರಿಗೂ ಪುರುಸೊತ್ತಿದೆ.

ಕಳೆದ ವರ್ಷ ಯುಗಾದಿ ಮುಗಿದ ವಾರ ರಾಮಾಂಜಿನಪ್ಪ ಬಂದ.

ದೊಡ್ಡನೆಕ್ಕುಂದಿಯ ಹಳೇ ಮನೆತನ. ಅವನ ತಂದೆ ರಾಗಿ ಬೆಳೆದ ಹೊಲದಲ್ಲಿ ಈಗ ಗಾಜಿನ ಆಫೀಸುಗಳು ನಿಂತಿವೆ. ಉಳಿದ ಜಾಗದಲ್ಲಿ ಅವನೇ ನಾಲ್ಕು ಬಿಲ್ಡಿಂಗು ಕಟ್ಟಿ ಬಾಡಿಗೆಗೆ ಬಿಟ್ಟಿದ್ದ. ಬಿಳಿ ಅಂಗಿ, ಬಿಳಿ ಪಂಚೆ, ಜೇಬಿನಲ್ಲಿ ಎರಡು ಫೋನು. ಗಲ್ಲಿಯ ಬಾಯಿಗೆ ಅಡ್ಡಲಾಗಿ ನಿಲ್ಲಿಸಿದ ಹೊಸ ಬಿಳಿ ಕಾರಿನ ಹಿಂದೆ ಮೂರು ಆಟೋಗಳು ಹಾರನ್ ಹೊಡೆಯುತ್ತಿದ್ದವು. ಅವನು ತಿರುಗಿ ಕೂಡ ನೋಡಲಿಲ್ಲ.

"ಏನಮ್ಮ, ಯಾರೂ ಇಲ್ವಾ ಒಳ್ಗಡೆ?"

"ನಾ ಅದೀನ್ರಿ."

ರಾಮಾಂಜಿನಪ್ಪ ಅವಳನ್ನು ಒಮ್ಮೆ ನೋಡಿ, ಕುರ್ಚಿಯಲ್ಲಿದ್ದ ಬದ್ರುನ್ನೀಸಾಳನ್ನು ನೋಡಿ, ಇಬ್ಬರಲ್ಲಿ ಯಾರಿಗೆ ಹೇಳಿದರೂ ಒಂದೇ ಅನ್ನುವಂತೆ ಗಾಳಿಗೆ ಹೇಳಿದ. "ಗಟ್ಟಿ ಆಯಿಲ್ ಕೊಡಿ. ಟ್ವೆಂಟಿ ಫಿಫ್ಟಿ. ನಾಲ್ಕು ಲೀಟ್ರು."

"ಆ ಬಿಳಿ ಗಾಡಿಗೇನ್ರಿ?"

"ಮತ್ತಿನ್ಯಾವುದಕ್ಕೆ? ಫ್ರೀ ಸರ್ವೀಸು ಮುಗೀತು. ಕಂಪನಿಯೋರತ್ರ ಬಿಟ್ರೆ ಸುಲಿಗೆ ಮಾಡ್ತಾರೆ. ನಮ್ ಮೆಕ್ಯಾನಿಕ್ ಹುಡ್ಗನತ್ರ ನಾವೇ ಹಾಕಿಸ್ಕೊಂತೀವಿ."

ಜಯಮಾಲಾ ಕೌಂಟರು ದಾಟಿ ಹೊರಗೆ ಬಂದಳು. ಬಾನೆಟ್ ತೆಗೆಸಿದಳು. ಆಯಿಲ್ ಹಾಕುವ ಮುಚ್ಚಳದ ಮೇಲೆಯೇ ಅಚ್ಚೊತ್ತಿದ ಅಕ್ಷರಗಳನ್ನು ಸೆರಗಿನ ತುದಿಯಿಂದ ಒರೆಸಿದಳು.

"ಇಲ್ಲೇ ಬರದಾರ ನೋಡ್ರಿ. ಝೀರೋ ಡಬ್ಲ್ಯೂ ಟ್ವೆಂಟಿ. ನೀವು ಕೇಳೂದು ಇದಕ್ಕ ಆಗಂಗಿಲ್ಲ."

"ಅದು ಕಂಪನಿಯೋರು ಬರ್ಕೊಂಡಿರೋದು. ನೀರಂಗಿರೋ ಆಯಿಲ್ ಹಾಕ್ಸಿ, ಎಂಜಿನ್ ಬೇಗ ಸವೀಲಿ, ಇನ್ನೊಂದ್ ಗಾಡಿ ತಗೊಳ್ಳಿ ಅಂತ. ನಮ್ಗೊತ್ತಿಲ್ವಾ ಅವರ ಆಟ?"

ಈ ಮಾತನ್ನು ಅವಳು ಕನಿಷ್ಠ ಇನ್ನೂರು ಜನರ ಬಾಯಲ್ಲಿ ಕೇಳಿದ್ದಳು. ಎಲ್ಲರೂ ಅದನ್ನು ತಾವೇ ಕಂಡುಹಿಡಿದವರಂತೆ, ದನಿ ತಗ್ಗಿಸಿ ಹೇಳುತ್ತಾರೆ. ಆದರೂ ಅವಳು ವಿವರಿಸಿದಳು. ಮೊದಲಿನ ನಂಬರು ಎಂಜಿನ್ ತಣ್ಣಗಿದ್ದಾಗ ಆಯಿಲ್ ಎಷ್ಟು ಬೇಗ ಹರಿಯುತ್ತದೆ ಅನ್ನುವುದು, ಎರಡನೆಯದು ಬಿಸಿಯಾದ ಮೇಲೆ ಎಷ್ಟು ಗಟ್ಟಿ ಉಳಿಯುತ್ತದೆ ಅನ್ನುವುದು. ಬೆಳಿಗ್ಗೆ ಕೀ ತಿರುಗಿಸಿದ ತಕ್ಷಣ ಆಯಿಲ್ ಎಂಜಿನ್ನಿನ ತಲೆಯವರೆಗೆ ಏರಬೇಕು.

"ಈಗಿನ ಎಂಜಿನ್‌ನಾಗ ಆಯಿಲ್ ಹರಿಯೂ ದಾರಿ ಸೂಜಿ ಕಣ್ಣಿನಂಗ ಇರ್ತಾವ್ರಿ. ಅಂಬಲಿ ಹೋಗೂ ದಾರ್ಯಾಗ ಮುದ್ದಿ ತುರುಕಿದ್ರ ಹೋಗ್ತದೇನು?"

ರಾಮಾಂಜಿನಪ್ಪನಿಗೆ ಮುದ್ದೆಯ ಮಾತು ನಾಟಿತು. ಅಂಗಡಿ ಹೆಂಗಸು ತನಗೆ ಪಾಠ ಹೇಳುತ್ತಿದ್ದಾಳೆ ಅನ್ನುವುದು ಆಗ ಅವನಿಗೆ ಹೊಳೆಯಿತು.

"ಏ ಅಮ್ಮ, ಇಪ್ಪತ್ ವರ್ಷ ಟ್ರ್ಯಾಕ್ಟರ್ ಓಡ್ಸಿದೋನು ನಾನು. ಗಟ್ಟಿ ಆಯಿಲ್ ಹಾಕ್ದೋನು. ಒಂದಿನ ಕೆಟ್ಟು ನಿಂತಿಲ್ಲ."

"ಟ್ರ್ಯಾಕ್ಟರ್ ತಗೊಂಡು ಬರ್ರಿ. ಅದಕ್ಕ ಏನ್ ಬೇಕೋ ಕೊಡ್ತೀನಿ."

ಹಿಂದಿನಿಂದ ಬದ್ರುನ್ನೀಸಾ ದನಿ ಸಣ್ಣದು ಮಾಡಿ, "ಜಯಾ, ಕೇಳಿದ್ದು ಕೊಟ್ಬಿಡು ಮಾ. ಅವರ ಗಾಡಿ, ಅವರ ಇಷ್ಟ," ಅಂದಳು.

"ಕೊಡಂಗಿಲ್ಲ ಆಪಾ. ನಾಳಿ ಎಂಜಿನ್ ಹೋದ್ರ ಡಬ್ಬಿ ಹಿಡ್ಕೊಂಡು ಇಲ್ಲೇ ಬರ್ತಾರ."

ರಾಮಾಂಜಿನಪ್ಪ ಎದುರು ಅಂಗಡಿಗೆ ಹೋದ. ಅವನು 'ಗಟ್ಟಿ' ಅನ್ನುವಷ್ಟರಲ್ಲಿ ಅಲ್ಲಿನವನು ಡಬ್ಬ ಇಳಿಸಿ, ಮೇಲೊಂದು ಕೀಚೈನೂ ಕೊಟ್ಟ. ಹೋಗುವಾಗ ರಾಮಾಂಜಿನಪ್ಪ ಆ ಡಬ್ಬವನ್ನು ಜಯಮಾಲಾಗೆ ಕಾಣುವಂತೆ ಎತ್ತಿ ಹಿಡಿದುಕೊಂಡು ನಡೆದ. ಪಂದ್ಯದಲ್ಲಿ ಗೆದ್ದ ಕಪ್ ಹಿಡಿದುಕೊಂಡು ಹೋಗುವವನ ಹಾಗೆ. ಐವತ್ತೆಂಟು ವರ್ಷದ ಮನುಷ್ಯ.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅದೇ ಬಿಳಿ ಕಾರು ಬಂತು. ಆಟೋಗಳಿಗೆ ದಾರಿ ಬಿಟ್ಟು, ಗೋಡೆಗೆ ಒತ್ತಿ ನಿಂತಿತು. ಇಳಿದವಳು ಮೂವತ್ತರ ಆಸುಪಾಸಿನ ಹೆಂಗಸು. ಕೈಯಲ್ಲಿ ಗಾಡಿಯ ಪುಸ್ತಕ ಇತ್ತು, ಒಂದು ಪುಟದ ನಡುವೆ ಬೆರಳು ಸಿಕ್ಕಿಸಿಕೊಂಡಿದ್ದಳು.

"ಗಟ್ಟಿ ಆಯಿಲ್ ಕೊಡಲ್ಲ ಅಂದೋರು ನೀವೇನಾ ಅಕ್ಕ?"

ಪದ್ಮಶ್ರೀ, ರಾಮಾಂಜಿನಪ್ಪನ ಸೊಸೆ. ದೊಮ್ಮಲೂರಿನ ಆಫೀಸಿಗೆ ದಿನವೂ ಆ ಕಾರು ಓಡಿಸುವವಳು ಅವಳೇ. ಶಿವಾಜಿನಗರದಲ್ಲಿ ಯಾವಳೋ ಒಬ್ಬ ತಲೆಕೆಟ್ಟವಳು ಕಾಸು ಕೊಡುತ್ತೇನೆಂದರೂ ಮಾಲು ಕೊಡಲಿಲ್ಲ ಎಂದು ಮಾವ ಊಟದ ಹೊತ್ತಿನಲ್ಲಿ ನಾಲ್ಕು ಸಲ ಹೇಳಿ ನಕ್ಕಿದ್ದರಂತೆ. ಎಲ್ಲರೂ ನಕ್ಕರು. ಪದ್ಮಶ್ರೀ ಮಾತ್ರ, ಅಂಗಡಿ ಇಟ್ಟವಳು ಬಂದ ವ್ಯಾಪಾರ ಬಿಡಬೇಕಾದರೆ ಏನೋ ಕಾರಣ ಇರಬೇಕಲ್ಲ ಎಂದು ಯೋಚಿಸಿದ್ದಳು.

"ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಟರ್ರ್ ಅಂತ ಸದ್ದು ಬರುತ್ತೆ ಅಕ್ಕ, ಆಮೇಲೆ ನಿಲ್ಲುತ್ತೆ. ಗಾಡಿ ಎಳೆಯೋದೇ ಇಲ್ಲ, ಮೂಟೆ ಹೊತ್ತಂಗೆ ಹೋಗುತ್ತೆ. ಮೊನ್ನೆಯಿಂದ ಎಂಜಿನ್ ಲೈಟ್ ಬೇರೆ ಹಳದಿ ಹತ್ಕೊಂಡಿದೆ. ಬುಕ್‌ನಲ್ಲಿ ನೋಡ್ದೆ. ಝೀರೋ ಟ್ವೆಂಟಿ ಅಂತಾನೇ ಇದೆ."

ಜಯಮಾಲಾ ಪುಸ್ತಕ ಇಸಿದುಕೊಂಡು ಸುಮ್ಮನೆ ಒಮ್ಮೆ ತಿರುವಿದಳು. ಆ ಪುಟದ ಮೂಲೆ ಮಡಚಿತ್ತು, ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಇತ್ತು. ಹನ್ನೊಂದು ವರ್ಷದಲ್ಲಿ ತಾನೇ ಓದಿಕೊಂಡು ಬಂದ ಗಿರಾಕಿಗಳನ್ನು ಅವಳು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು.

"ಇನ್ನೂ ದೊಡ್ಡದೇನೂ ಆಗಿರಲಿಕ್ಕಿಲ್ಲವ್ವ. ಇವತ್ತೇ ಇಳಿಸಿಬಿಡು, ಫಿಲ್ಟರೂ ಬದಲಿ ಮಾಡಿಸು. ನಿನ್ನ ಗಂಡಗ ಹೇಳು."

"ಆನಂದ್‌ಗೆ ಹೇಳ್ದೆ. ಅಪ್ಪನ ಹತ್ರ ಯಾರು ಮಾತಾಡೋದು, ಹೆಂಗೋ ಓಡುತ್ತಲ್ಲ, ಬಿಡು ಅಂದ್ರು."

"ಏನ್ ಓದ್ಯಾನ ನಿನ್ನ ಗಂಡ?"

"ಬಿ.ಇ. ಮೆಕ್ಯಾನಿಕಲ್."

ಜಯಮಾಲಾ ಗೋಡೆಯ ಡಬ್ಬಗಳ ಕಡೆ ತಿರುಗಿದಳು. ಸರಿಯಾದ ಆಯಿಲ್ ಇಳಿಸಿ ಕೊಟ್ಟು, ಸಕ್ಲೇನ್‌ಗೆ ಫೋನು ಮಾಡಿದಳು. ಪದ್ಮಶ್ರೀ ಆಫೀಸಿಗೆ ತಡವಾಗಿ ಬರುತ್ತೇನೆಂದು ತಿಳಿಸಿ ಹಲಸೂರಿನ ಗ್ಯಾರೇಜಿಗೆ ಹೋದಳು. ಗಾಡಿಯ ಹೊಟ್ಟೆಯಡಿ ಬೋಲ್ಟು ಬಿಚ್ಚಿದಾಗ ಆಯಿಲ್ ಬೆಲ್ಲದ ಪಾಕದಂತೆ ಜೋತುಬಿದ್ದು ಇಳಿಯಿತು ಎಂದು ಸಕ್ಲೇನ್ ಆಮೇಲೆ ಹೇಳಿದ. ಎಂಜಿನ್ ಒಳಗೆ ಆಯಿಲ್ಲಿನ ಒತ್ತಡದಿಂದಲೇ ಕೆಲಸ ಮಾಡುವ ಒಂದು ಭಾಗವಿದೆ, ಅದು ಗಟ್ಟಿ ಆಯಿಲ್ಲಿಗೆ ಸಕಾಲಕ್ಕೆ ತಿರುಗದೆ ಲೈಟು ಹತ್ತಿತ್ತು. ಹೊಸ ಆಯಿಲ್ ಹಾಕಿ, ಲೈಟು ಆರಿಸಿ ಕಳಿಸಿದ. ಅದು ಮತ್ತೆ ಹತ್ತಲಿಲ್ಲ. ಮಾರನೇ ದಿನ ಪದ್ಮಶ್ರೀ ಫೋನು ಮಾಡಿ, ಗಾಡಿ ಮೊದಲಿನ ಹಾಗೆ ಆಗಿದೆ ಅಂದಳು. ಆಮೇಲೆ ಸ್ವಲ್ಪ ತಡೆದು ಇನ್ನೊಂದು ಮಾತು ಹೇಳಿದಳು.

"ಮಾವಂಗೆ ಗೊತ್ತಾಗೋದು ಬೇಡ ಅಕ್ಕ. ಮನೇಲಿ ಸುಮ್ನೆ ರಂಪ ಆಗುತ್ತೆ. ನಿಮ್ಮಿಂದ ಈ ಮಾತು ಹೊರಗೆ ಹೋಗಲ್ಲ ಅಂತ ಹೇಳಿ."

ಜಯಮಾಲಾಗೆ ಇದು ಹಿಡಿಸಲಿಲ್ಲ. ತಪ್ಪು ಮಾಡಿದವನು ಎದೆಯೆತ್ತಿಕೊಂಡು ತಿರುಗುವುದು, ಸರಿ ಮಾಡಿದವಳು ಬಾಯಿ ಮುಚ್ಚಿಕೊಳ್ಳುವುದು. ಆದರೆ ಆ ಮನೆಯಲ್ಲಿ ಬಾಳಬೇಕಾದವಳು ಅವಳು. "ಹೋಗಂಗಿಲ್ಲ, ಬಿಡು," ಅಂದಳು.

ಆ ಮಾತು ಎಷ್ಟು ದುಬಾರಿಯಾಗುತ್ತದೆ ಅನ್ನುವುದು ಎರಡು ತಿಂಗಳ ನಂತರ ಗೊತ್ತಾಯಿತು. ಆಷಾಢದ ಒಂದು ಶನಿವಾರ, ಹನ್ನೊಂದು ಗಂಟೆಯ ಹೊತ್ತಿಗೆ, ರಾಮಾಂಜಿನಪ್ಪ ಮತ್ತೆ ಬಂದ. ಗಲ್ಲಿಯಲ್ಲಿ ಎರಡು ಕಾರುಗಳು ನಿಂತವು. ಎರಡನೆಯದರಿಂದ ಇಳಿದವರು ಅವನ ಬೀಗರು, ಅಂದರೆ ಪದ್ಮಶ್ರೀಯ ತಂದೆ, ಬಾಣಸವಾಡಿಯ ಚನ್ನರಾಯಪ್ಪ. ಮೆತ್ತನೆಯ ಮನುಷ್ಯ. ಮಗಳನ್ನು ಕೊಟ್ಟ ಮನೆಯವರ ಮಾತಿಗೆ ತಲೆ ಅಲ್ಲಾಡಿಸಿ ಅಲ್ಲಾಡಿಸಿ ಕುತ್ತಿಗೆ ಸಡಿಲವಾದಂತಿತ್ತು.

"ಇದೇ ಅಂಗಡಿ ಬೀಗ್ರೇ," ರಾಮಾಂಜಿನಪ್ಪ ಹೇಳಿದ. "ಇವಳೇ ನೋಡಿ ಆ ಅಮ್ಮ. ನನಗೆ ಕೊಡಲ್ಲ ಅಂದ್ಲು. ಈಗ ನನ್ ಗಾಡಿ ನೋಡಮ್ಮ. ಆಯ್ತಲ್ಲ ಮೂರು ತಿಂಗ್ಳು. ಎಂಜಿನ್ ಸದ್ದೇ ಕೇಳಲ್ಲ, ಬೆಣ್ಣೆ. ಯಾವುದ್ರಿಂದ? ಗಟ್ಟಿ ಆಯಿಲ್ಲಿಂದ. ಮೊದಲು ಒಂದ್ ಎರಡು ವಾರ ಸ್ವಲ್ಪ ಬಿಗಿ ಇತ್ತು, ಆಮೇಲೆ ಆಯಿಲ್ ಹೊಂದ್ಕೊಂತು ನೋಡು, ಹೂ ಎತ್ತಿದಂಗೆ ಹೋಗ್ತದೆ."

ಎದುರು ಅಂಗಡಿಯಿಂದಲೇ ಕೊಳ್ಳಬಹುದಿತ್ತು. ಅವನು ಅಲ್ಲಿಗೆ ಹೋಗದೆ ನೇರ ಇಲ್ಲಿಗೇ ಬಂದದ್ದು ಇದನ್ನು ಹೇಳುವುದಕ್ಕೆ. ಅದಕ್ಕಾಗಿ ದೊಡ್ಡನೆಕ್ಕುಂದಿಯಿಂದ ಒಂದೂವರೆ ಗಂಟೆ ಟ್ರಾಫಿಕ್ಕಿನಲ್ಲಿ ಬಂದಿದ್ದ, ಬೀಗರನ್ನೂ ಎಳೆದು ತಂದಿದ್ದ. ಜಯಮಾಲಾ ಕೌಂಟರಿನ ಅಂಚು ಹಿಡಿದುಕೊಂಡಳು. ಒಂದೇ ಒಂದು ಮಾತು ಸಾಕಾಗಿತ್ತು. ಅದು ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ಹನ್ನೊಂದು ವರ್ಷದಲ್ಲಿ ಅವಳು ಯಾವ ಮೂರ್ಖನ ಎದುರೂ ಹೀಗೆ ಬಾಯಿ ಕಟ್ಟಿಕೊಂಡು ನಿಂತಿರಲಿಲ್ಲ.

"ಈಗ ನಮ್ ಬೀಗರ ಗಾಡಿಗೂ ಅದೇ ಹಾಕಿಸ್ಬೇಕು," ರಾಮಾಂಜಿನಪ್ಪ ಮುಂದುವರಿಸಿದ. "ಇವತ್ತಾದ್ರೂ ಕೊಡ್ತೀಯೋ, ಇವತ್ತೂ ಪಾಠ ಹೇಳ್ತೀಯೋ?"

ಜಯಮಾಲಾ ಹೊರಗೆ ಬಂದಳು. ಮೊದಲು ಚನ್ನರಾಯಪ್ಪನ ಕಾರಿನ ಬಾನೆಟ್ ತೆಗೆಸಿದಳು. ಅದೇ ಕಂಪನಿಯ ಚಿಕ್ಕ ಗಾಡಿ, ಎಂಜಿನ್ ಒಂದೇ, ಮುಚ್ಚಳದ ಮೇಲೆ ಅದೇ ಅಕ್ಷರಗಳು. ಈ ಸಾಧು ಮನುಷ್ಯನ ಗಾಡಿಯೂ ಹಾಳಾಗುತ್ತದೆ, ಅದೂ ಅವನ ಮಗಳು ಮಾಡಿದ ರಿಪೇರಿಯ ಹೆಸರಿನಲ್ಲಿ ಎಂದು ನೆನೆದು ಬಾನೆಟ್ಟನ್ನು ಧಡಾರನೆ ಮುಚ್ಚಿದಳು. ರಾಮಾಂಜಿನಪ್ಪನ ಕಡೆ ತಿರುಗಿ, "ನಿಮ್ಮ ಗಾಡೀದೂ ತೆಗೀರಿ," ಅಂದಳು.

ಬಿಳಿ ಕಾರಿನ ಎಂಜಿನ್ನಿನಿಂದ ಆಯಿಲ್ ನೋಡುವ ಕಡ್ಡಿಯನ್ನು ಎಳೆದಳು. ಒರೆಸಿ, ಮತ್ತೆ ಅದ್ದಿ, ಮತ್ತೆ ಎಳೆದಳು. ತುದಿಯಲ್ಲಿ ತೆಳ್ಳನೆಯ, ಜೇನಿಗಿಂತ ಸ್ವಲ್ಪ ಕಂದಾದ ಆಯಿಲು. ತಡೆಯಿಲ್ಲದೆ ಹರಿದು ತೊಟ್ಟು ತೊಟ್ಟಾಗಿ ಕೆಳಗೆ ಬಿತ್ತು. ಗಲ್ಲಿಯಲ್ಲಿ ಕೆಲಸ ಮಾಡುವ ಯಾರೇ ಆದರೂ ಕಣ್ಣುಮುಚ್ಚಿ ಹೇಳಬಹುದಿತ್ತು. ಅವಳು ಏನೂ ಹೇಳಲಿಲ್ಲ. ಕಡ್ಡಿಯನ್ನು ರಾಮಾಂಜಿನಪ್ಪನ ಮುಖದ ಮುಂದೆ ಹಿಡಿದಳು. ಮಾತು ಕೊಟ್ಟದ್ದು ಬಾಯಿಯ ಬಗ್ಗೆ. ಅವನಿಗೆ ಕಣ್ಣಿದೆ, ನೋಡಿಕೊಳ್ಳಲಿ.

ರಾಮಾಂಜಿನಪ್ಪ ನೋಡಿದ. ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ತೊಟ್ಟು ತೆಗೆದುಕೊಂಡು ಉಜ್ಜಿದ. ನೀರಿನಂತೆ ಜಾರಿ ಅಂಗೈಗೆ ಇಳಿಯಿತು.

"ನೋಡಿ ಬೀಗ್ರೇ," ಅಂದ. "ಮೂರು ತಿಂಗ್ಳಾದ್ರೂ ಹೆಂಗ್ ಗಟ್ಟಿಯಾಗಿದೆ ನೋಡಿ. ಬೇಕಾದ್ರೆ ಮುಟ್ಟಿ ನೋಡಿ."

ಚನ್ನರಾಯಪ್ಪ ಮುಟ್ಟಿದರು. ಬೆರಳಿನಿಂದ ಆಯಿಲ್ ಜಾರಿ ಮುಂಗೈವರೆಗೆ ಹರಿಯುತ್ತಿರುವಾಗಲೇ, "ಹೌದೌದು, ಗಟ್ಟಿ ಇದೆ," ಎಂದು ತಲೆ ಅಲ್ಲಾಡಿಸಿದರು.

ಜಯಮಾಲಾ ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದಳು. ಇವರಿಗೆ ಓದಲು ಬರುವುದಿಲ್ಲ ಎಂದು ಇಷ್ಟು ದಿನ ತಿಳಿದಿದ್ದಳು. ಕೈಗೆ ಅಂಟಿದ್ದನ್ನೂ ಒಪ್ಪುವುದಿಲ್ಲ ಎಂದರೆ ಪುಸ್ತಕ ತೋರಿಸಿ ಏನಾಗಬೇಕು? ಅವಳೊಳಗಿನ ವಾದವೆಲ್ಲ ಆ ನಿಮಿಷಕ್ಕೆ ಒಣಗಿತು. ಕಡ್ಡಿ ಒರೆಸಿ ಅದರ ಜಾಗಕ್ಕಿಟ್ಟು, ಚನ್ನರಾಯಪ್ಪನಿಗೆ ಹೇಳಿದಳು.

"ನಿಮ್ಮ ಬೀಗರ ಗಾಡ್ಯಾಗ ಈಗ ಏನದನೋ, ಅದನ್ನೇ ಕೊಡ್ತೀನ್ರಿ. ಆಗಬಹುದಲ್ಲ?"

"ಅದೇ ಕೊಡಮ್ಮ, ಅದೇ," ಇಬ್ಬರೂ ಒಟ್ಟಿಗೆ ಹೇಳಿದರು.

ಅವಳು ಒಳಗೆ ಹೋಗಿ ಝೀರೋ ಡಬ್ಲ್ಯೂ ಟ್ವೆಂಟಿಯ ಡಬ್ಬ ಇಳಿಸಿ ಕೌಂಟರಿನ ಮೇಲಿಟ್ಟಳು. ನಂಬರು ಬೇಕೆಂದೇ ಹೊರಮುಖಕ್ಕೆ ತಿರುಗಿಸಿದಳು, ಹೆಬ್ಬೆರಳ ಗಾತ್ರದ ಅಕ್ಷರಗಳು. ರಾಮಾಂಜಿನಪ್ಪನ ಕಣ್ಣು ಅದರ ಮೇಲೆ ಬಿದ್ದು, ಅಲ್ಲೇ ಸ್ವಲ್ಪ ಹೊತ್ತು ಉಳಿದು, ಬೇರೆ ಕಡೆ ಹೋಯಿತು.

"ಹ್ಞೂಂ, ಇದೇ," ಅಂದ.

ಕಾರುಗಳು ಹೋದ ಮೇಲೆ ಬದ್ರುನ್ನೀಸಾ ಕುರ್ಚಿಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹೀಗೆ ಮಾರೋದು ಮೊದ್ಲೇ ಕಲ್ತಿದ್ರೆ ನಾವು ಎರಡು ಅಂಗಡಿ ಮಾಡಬಹುದಿತ್ತಲ್ಲ ಮಾ."

ಜಯಮಾಲಾ ನಗಲಿಲ್ಲ. ಸಂಜೆ ಬಾಣಸವಾಡಿಯ ರೂಮಿಗೆ ಹೋದಾಗ ಭೀಮಾಶಂಕರ ಆಗಲೇ ಬಂದಿದ್ದ. ಅವನು ಈಗ ಶಾಲೆಯ ವ್ಯಾನು ಓಡಿಸುತ್ತಾನೆ. ರೊಟ್ಟಿ ತಟ್ಟುತ್ತಾ ನಡೆದದ್ದನ್ನು ಹೇಳಿದಳು. ಅವನೂ ನಕ್ಕ.

"ಹೋಗ್ಲಿ ಬಿಡು, ಎರಡೂ ಗಾಡಿ ಉಳದ್ವಲ್ಲ. ಮತ್ತೇನ್ ಬೇಕು ನಿನಗ?"

"ಗಾಡಿ ಉಳದ್ವು, ಖರೆ. ಆದ್ರ ನಾ ಹೇಳಿದ್ದು ಖರೆ ಅಂತ ಉಳೀಲಿಲ್ಲ. ಆ ಮುದುಕ ಗಟ್ಟಿ ಅಂದಿದ್ದಕ್ಕ ಉಳದ್ವು. ಖರೇದನ್ನ ಕದ್ದ ಮಾಲು ಮಾರಿದಂಗ ಮಾರೀನಿ ಇವತ್ತ."

ಭೀಮಾಶಂಕರ ಆಮೇಲೆ ನಗಲಿಲ್ಲ. ಎದ್ದು ಬಂದು ಉಳಿದ ರೊಟ್ಟಿಗಳನ್ನು ತಾನೇ ಬೇಯಿಸಿದ.

ಮುಂದಿನ ತಿಂಗಳುಗಳಲ್ಲಿ ದೊಡ್ಡನೆಕ್ಕುಂದಿ ಕಡೆಯಿಂದ ಒಬ್ಬೊಬ್ಬರಾಗಿ ಬರತೊಡಗಿದರು. "ರಾಮಾಂಜಿನಪ್ಪನೋರ ಗಾಡಿಗೆ ಹಾಕಿರೋ ಗಟ್ಟಿ ಆಯಿಲ್ ಕೊಡಿ," ಅನ್ನುತ್ತಿದ್ದರು. ಜಯಮಾಲಾ ಗಾಡಿ ಯಾವುದೆಂದು ನೋಡಿ, ಅದಕ್ಕೆ ತಕ್ಕದ್ದನ್ನು ಕೊಡುತ್ತಿದ್ದಳು. ಅವರು ನಂಬರು ನೋಡುತ್ತಿರಲಿಲ್ಲ. ಹೆಸರು ಕೇಳಿ ಬಂದವರಿಗೆ ಹೆಸರು ಸಿಕ್ಕರೆ ಸಾಕಾಗಿತ್ತು. ಅಂಗಡಿಯ ವ್ಯಾಪಾರ ಏರಿತು. ಜಯಮಾಲಾಳ ಮುಖದ ಗಂಟು ಮಾತ್ರ ಇಳಿಯಲಿಲ್ಲ. ಇದನ್ನು ಗೆಲುವು ಎಂದು ಕರೆಯುವವರಿದ್ದರೆ ಅವರೇ ಇಟ್ಟುಕೊಳ್ಳಲಿ ಅನ್ನುವುದು ಅವಳ ಅಭಿಪ್ರಾಯ.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಪದ್ಮಶ್ರೀ ಮತ್ತೆ ಬಂದಳು. ಆಯಿಲ್ ಬದಲಿಸುವ ಹೊತ್ತಾಗಿತ್ತು. ಕೌಂಟರಿಗೆ ಒರಗಿ ನಿಂತು, ಹೇಳಲೋ ಬೇಡವೋ ಎಂದು ನೋಡಿ, ಕೊನೆಗೆ ಹೇಳಿದಳು.

"ಅಕ್ಕ, ಮಾವಂಗೆ ಗೊತ್ತಿತ್ತಂತೆ."

"ಏನ್ ಗೊತ್ತಿತ್ತು?"

"ಎಲ್ಲಾ. ಹಲಸೂರಲ್ಲಿ ಹಾಕಿಸಿದ ಮಾರನೇ ವಾರಾನೇ ಡಿಕ್ಕೀಲಿ ಖಾಲಿ ಡಬ್ಬ ನೋಡಿದ್ರಂತೆ. ಮೊನ್ನೆ ಅತ್ತೆ ಬಾಯಿ ಬಿಟ್ರು. ನನ್ನ ಹತ್ರ ಮಾವ ಒಂದ್ ಮಾತೂ ಆಡಲಿಲ್ಲ. ಅತ್ತೆ ಕೈಲಿ ಆ ಡಬ್ಬ ಕೊಟ್ಟು, ಇದನ್ನ ದೂರ ಎಲ್ಲಾದ್ರೂ ಬಿಸಾಕು, ಯಾರಾದ್ರೂ ನೋಡಿದ್ರೆ ನಗ್ತಾರೆ ಅಂದ್ರಂತೆ."

ಜಯಮಾಲಾ ಕೈಯಲ್ಲಿದ್ದ ಡಬ್ಬವನ್ನು ಕೌಂಟರಿನ ಮೇಲಿಟ್ಟಳು. ಹಾಗಾದರೆ ಆ ಶನಿವಾರ, ಬೀಗರನ್ನು ಕರೆದುಕೊಂಡು ಬಂದಾಗ, ಅವನಿಗೆ ಎಲ್ಲ ಗೊತ್ತಿತ್ತು. ಬೆರಳ ನಡುವೆ ಜಾರಿದ್ದು ಏನೆಂದು ಗೊತ್ತಿತ್ತು. ಈ ಅಂಗಡಿಯಲ್ಲಿ ಸರಿಯಾದದ್ದೇ ಸಿಗುತ್ತದೆ, ಗಟ್ಟಿಯದು ಕೇಳಿದರೂ ಇವಳು ಕೊಡುವುದಿಲ್ಲ ಎಂದು ಗೊತ್ತಿದ್ದೇ ಬೀಗರನ್ನು ಇಲ್ಲಿಗೆ ಕರೆತಂದಿದ್ದ. ಸರಿಯಾದ ಆಯಿಲೂ ಆಗಬೇಕು, ತನ್ನ ಮಾತೂ ನಿಲ್ಲಬೇಕು. ಎರಡನ್ನೂ ಅವಳ ಕೈಯಿಂದಲೇ ಮಾಡಿಸಿಕೊಂಡಿದ್ದ.

ತಿಳಿಯದ ಮನುಷ್ಯ ಎಂದು ಅವಳು ಮನಸ್ಸಿನಲ್ಲಿ ಅವನಿಗೆ ಸ್ವಲ್ಪ ರಿಯಾಯಿತಿ ಕೊಟ್ಟಿದ್ದಳು. ಈಗ ಅದನ್ನೂ ವಾಪಸು ತೆಗೆದುಕೊಂಡಳು.

"ನಿಮಗೆ ಬೇಜಾರಾಯ್ತಾ ಅಕ್ಕ?" ಪದ್ಮಶ್ರೀ ಕೇಳಿದಳು.

"ನನಗ್ಯಾಕವ್ವ ಬ್ಯಾಸರ. ಅಷ್ಟು ದೊಡ್ಡ ಹೊಲ ಮಾರಿ ಅಷ್ಟು ಸಣ್ಣ ಮನಸ್ಸು ಇಟ್ಕೊಂಡಾನ, ಅವಂದು ಅವಗ." ಜಯಮಾಲಾ ಬೆನ್ನು ತಿರುಗಿಸಿ ಮೇಲಿನ ಸಾಲಿನಿಂದ ಫಿಲ್ಟರು ಇಳಿಸತೊಡಗಿದಳು. "ಗಾಡಿ ಎಷ್ಟು ಕಿಲೋಮೀಟರ್ ಆಗ್ಯಾದ ಈಗ?"